ವರ್ಷದ ಯಾವ ಕಾಲಕ್ಕೂ ಕುದುರೆಮುಖ

ತೋಟದವರಿಗೆ ಬಿಡುವು ಸಿಗುವುದೇ ಅಪರೂಪ. ಸಿಕ್ಕ ಒಂದೆರಡು ದಿನಗಳಲ್ಲಿ ಸದಸ್ಯರು ನೋಡಿ ಬರಬಹುದಾದ ಊರು ನಮ್ಮ ಮಲೆನಾಡಿನಲ್ಲೇ ಇದೆ. ಕಳಸದಿಂದ ಸುಮಾರು 20 ಕಿ.ಮೀ. ದೂರದ ಕುದುರೆಮುಖ ಗಣಿಪಟ್ಟಣವೇ ಅದು.

ಇಲ್ಲಿ ಕಬ್ಬಿಣದ ಅದಿರಿದೆಯೆಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು 1913ರಲ್ಲೇ ಗುರುತಿಸಿದ್ದರು. ಗಣಿ ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಇರಾನ್ ದೇಶ ಸಾಲ ಕೊಟ್ಟು ಅದಿರನ್ನೂ ಕೊಳ್ಳುವುದೆಂದು ಒಪ್ಪಂದವಾಗಿತ್ತು. ಆದರೆ 1979ರ ಕ್ರಾಂತಿಯ ನಂತರ ಇರಾನ್ ಅದಿರನ್ನು ಕೊಳ್ಳಲಿಲ್ಲ. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು.

ಇಲ್ಲಿಯದು ಕಡಿಮೆ ದರ್ಜೆಯ ಅದಿರು. ಅದನ್ನು ಅರೆದು, ಸಾರ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನೌಕರರ ಸಂಸಾರಗಳು ಹೊರಟುಹೋದವು. ಮನೆಗಳ ಸಾಲುಗಳು ಬರಿದಾದವು.

ಹೋಗುವ ಕಾಲದ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಹೋದರೆ ಕಡಾಂಬಿ ಅಬ್ಬಿ ಮೈದುಂಬಿರುತ್ತದೆ. ಇಂಬಳದ ಕಾಟವೂ ಅಷ್ಟೇ ಇರುತ್ತದೆ. ಎರಡನೆಯ ಕೊಳೆ ಔಷಧಿ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮುಂಚಿನ ದಿನಗಳು ನಮ್ಮವರಿಗೆ ಅನುಕೂಲ. ಆಗ ಗುಡ್ಡದ ಹುಲ್ಲು ಹಸಿರು, ತೊರೆಗಳು ತುಂಬಿರುತ್ತವೆ. ಪುಷ್ಯದ ಚಳಿಯಲ್ಲಿ ಬೆಳಗಿನ ಮಂಜು ನೋಡತಕ್ಕದ್ದು, ಆದರೆ ಆಗ ಕಾಫಿ ಹಣ್ಣು ಕೈ ಹಿಡಿದೆಳೆಯುತ್ತದೆ. ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲೂ ಹೋಗಬಹುದು. ಹುಲ್ಲು ಒಣಗಿರುವುದರಿಂದ ಬೆಂಕಿಯ ಬಗ್ಗೆ ಬಹಳ ಎಚ್ಚರ ಬೇಕು. ಇದು ರಾಷ್ಟ್ರೀಯ ಉದ್ಯಾನದ ಸೀಮೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ, ಪ್ಲಾಸ್ಟಿಕ್ ಒಯ್ಯಬೇಡಿ.

ಹತ್ತಿರದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಹರಿದ ನೀರೇ ಮುಂದೆ ಕಾಲುವೆಯಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಭತ್ತದ ಗದ್ದೆಗಳನ್ನು ಮುಟ್ಟುತ್ತದೆ. ಈ ಗುಡ್ಡ ಕೆಟ್ಟರೆ ಕೆಡುವುದು ನಮ್ಮ ತೋಟಗಳಷ್ಟೇ ಅಲ್ಲ.

ಇನ್ನೊಂದು ವಿಷಯವನ್ನೂ ಸದಸ್ಯರು ಗಮನಿಸಬೇಕು. ಒಂದೇ ಅದಿರನ್ನು ನಂಬಿದ ಊರು ಅದು ನಿಂತೊಡನೆ ಖಾಲಿಯಾಯಿತು. ಅದೇ ಕಳಸ ಸೀಮೆಯಲ್ಲಿ ಈಗ ಎಲೆಚುಕ್ಕಿ ರೋಗ ಅಡಿಕೆ ತೋಟಗಳನ್ನು ಕಾಡುತ್ತಿದೆ. ಅಡಿಕೆಯೊಂದನ್ನೇ ನಂಬಿದವರ ಪಾಡು ಹೆಚ್ಚು ಕಷ್ಟ; ನಡುವೆ ಕಾಫಿ, ಮರಕ್ಕೆ ಮೆಣಸಿನ ಬಳ್ಳಿ ಇದ್ದವರಿಗೆ ಉಸಿರಾಡಲು ಅವಕಾಶವಿದೆ. ಗಣಿಯನ್ನು ಸ್ಥಳಾಂತರಿಸಲಾಗದು, ತೋಟಕ್ಕೆ ಇನ್ನೊಂದು ಬೆಳೆ ಸೇರಿಸಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮುಂದೆ ತೋಟ ನೋಡಿಕೊಳ್ಳಬೇಕಾದವರು ಅವರೇ.