ಹಳೆಯ ಕಂಪ್ಯೂಟರಿಗೆ ಯಾವ ರ್‍ಯಾಮ್ ಕೂಡಿಬರುತ್ತದೆ?

ಹತ್ತು ವರ್ಷ ದಾಟಿದ ಕಂಪ್ಯೂಟರಿನಲ್ಲಿ ಬ್ರೌಸರಿನ ಐದಾರು ಟ್ಯಾಬ್ ತೆರೆದರೆ ಸಾಕು, ಹಾರ್ಡ್ ಡಿಸ್ಕಿನ ದೀಪ ಒಂದೇ ಸಮನೆ ಮಿಣುಕತೊಡಗುತ್ತದೆ. ರ್‍ಯಾಮ್ ತುಂಬಿದಾಗ ಆಪರೇಟಿಂಗ್ ಸಿಸ್ಟಮ್ ಸದ್ಯಕ್ಕೆ ಬೇಡದ ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರಿಸಿಕೊಳ್ಳುತ್ತದೆ. ಡಿಸ್ಕೋ ರ್‍ಯಾಮಿನ ಮುಂದೆ ತೀರಾ ನಿಧಾನ. ರ್‍ಯಾಮ್ ಹೆಚ್ಚಿಸಿದರೆ ಈ ಓಡಾಟ ತಗ್ಗುತ್ತದೆ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಆಗದು. ರ್‍ಯಾಮಿಗೂ ಮದರ್‌ಬೋರ್ಡಿಗೂ ಜಾತಕ ಕೂಡಬೇಕು.

2013ರಲ್ಲಿ ಬಂದ ಇಂಟೆಲ್‌ನ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರನ್ನೇ ನೋಡಿ. ಅದರ ಎಚ್81 ಮದರ್‌ಬೋರ್ಡಿನಲ್ಲಿ ಎರಡೇ ಸ್ಲಾಟ್, ಗರಿಷ್ಠ ಮಿತಿ 16 ಜಿಬಿ. ಬೇಕಿರುವುದು ಡಿಡಿಆರ್3: 240 ಪಿನ್, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್, ಇಲ್ಲಿ ಕೂರುವುದೇ ಇಲ್ಲ. ಡಿಡಿಆರ್2ರದ್ದೂ 240 ಪಿನ್ನೇ, ಆದರೆ ಕೆಳಅಂಚಿನ ಕಚ್ಚು ಬೇರೆ ಕಡೆಗಿದೆ.

ಹಳೆಯ ರ್‍ಯಾಮ್ ಬಿಚ್ಚಿ ಅದರ ಲೇಬಲ್ ಓದಿದರೆ ಅರ್ಧ ಕೆಲಸ ಮುಗಿಯಿತು. ‘ಪಿಸಿ3-12800ಯು’ ಎಂದಿದ್ದರೆ 3 ಎಂಬುದು ತಲೆಮಾರು. ಸೆಕೆಂಡಿಗೆ 160 ಕೋಟಿ ಸಲ, ಸಲಕ್ಕೆ 8 ಬೈಟ್‌ನಂತೆ ಮಾಹಿತಿ ಸಾಗಿದರೆ 12,800 ಮೆಗಾಬೈಟ್. ಅದೇ ಮಧ್ಯದ ಸಂಖ್ಯೆ. ಕೊನೆಯ ‘ಯು’ ಮನೆಬಳಕೆಯ ಡೆಸ್ಕ್‌ಟಾಪಿನ ಗುರುತು. ಅಲ್ಲಿ ‘ಆರ್’ ಇದ್ದರೆ ಅದು ಸರ್ವರ್‌ನ ರ್‍ಯಾಮ್, ಎಷ್ಟೇ ಅಗ್ಗವಾದರೂ ಬೇಡ.

ಕಪ್ಪು ಚಿಪ್‌ಗಳನ್ನೂ ಎಣಿಸಬೇಕು. ಈ ತಲೆಮಾರಿನ ಪ್ರೊಸೆಸರಿಗೆ ಇಂಟೆಲ್ ಗೊತ್ತುಮಾಡಿದ ಚಿಪ್ಪಿನ ಗಾತ್ರ ಹೆಚ್ಚೆಂದರೆ 4 ಗಿಗಾಬಿಟ್. ಹಾಗಾಗಿ 8 ಜಿಬಿ ರ್‍ಯಾಮಿನಲ್ಲಿ ಎರಡೂ ಬದಿ ಸೇರಿ 16 ಚಿಪ್ ಇರಬೇಕು.

ಒಂದು 8 ಜಿಬಿಗಿಂತ ಎರಡು 4 ಜಿಬಿ ಲೇಸು. ಎರಡು ಚಾನೆಲ್ ಒಟ್ಟಿಗೆ ದುಡಿದು ಸೈದ್ಧಾಂತಿಕ ವೇಗ ಸೆಕೆಂಡಿಗೆ 25.6 ಜಿಬಿಗೆ ಏರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಒಂದರ ವೇಗ 1333, ಇನ್ನೊಂದರದು 1600 ಆದರೆ ಎರಡೂ 1333ರಲ್ಲೇ ಓಡುತ್ತವೆ.

ಇಷ್ಟಾದರೂ ವಿಂಡೋಸ್ 3 ಚಿಲ್ಲರೆ ಜಿಬಿಯನ್ನಷ್ಟೇ ಬಳಸುತ್ತಿದ್ದರೆ ಅದು 32 ಬಿಟ್ ಆವೃತ್ತಿಯೇ ಎಂದು ನೋಡಬೇಕು. 32 ಬಿಟ್ ವಿಳಾಸಕ್ಕೆ ಎಟಕುವುದು 4 ಜಿಬಿ ಮಾತ್ರ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಸಾಧನಗಳಿಗೆ ಮೀಸಲು. 32ರಿಂದ 64ಕ್ಕೆ ನೇರ ಅಪ್‌ಗ್ರೇಡ್ ಇಲ್ಲ. ಫೋಟೋ, ಫೈಲುಗಳನ್ನು ಬೇರೆಡೆ ಉಳಿಸಿಕೊಂಡು, ವಿಂಡೋಸನ್ನು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು.