ಗೇಟ್ ಕಾಯೋರಿಗೆ ಕಾನೂನಿದೆ, ಹಾಸಿಗೆ ಪಕ್ಕ ಇರೋರಿಗೆ?

ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಂತಿರುವ ಸೆಕ್ಯೂರಿಟಿ ಗಾರ್ಡನ್ನು ಕಳಿಸಿದ ಏಜೆನ್ಸಿಗೆ ಸರ್ಕಾರದ ಲೈಸೆನ್ಸ್ ಬೇಕು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಲಕ್ವ ಹೊಡೆದು ಮಲಗಿರುವ ಅಜ್ಜಿ ಇದ್ದಾರೆ ಅಂದುಕೊಳ್ಳಿ. ಅವರನ್ನು ಹಗಲೂ ರಾತ್ರಿ ನೋಡಿಕೊಳ್ಳುವ ‘ಹೋಮ್ ನರ್ಸ್’ ಕಳಿಸಿದ ಏಜೆನ್ಸಿಗೆ? ಅಂಥ ಪ್ರತ್ಯೇಕ ಲೈಸೆನ್ಸೇ ನಮ್ಮಲ್ಲಿಲ್ಲ.

ಗಾರ್ಡ್‌ಗಳ ವಿಷಯದಲ್ಲಿ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಸ್ಪಷ್ಟವಾಗಿದೆ. ಹಿನ್ನೆಲೆ ಪರಿಶೀಲನೆ ಆಗಬೇಕು, ತರಬೇತಿ ಕೊಡಬೇಕು. ಕೇಂದ್ರದ ಮಾದರಿ ನಿಯಮದ ಪ್ರಕಾರ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ.

ಹಾಗಾದರೆ ಆರೋಗ್ಯದ ಕಾನೂನುಗಳು ಏನು ಮಾಡುತ್ತಿವೆ? ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, 2017ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಅದರ ವ್ಯಾಖ್ಯಾನದಲ್ಲಿ ಆಸ್ಪತ್ರೆ, ಕ್ಲಿನಿಕ್, ನರ್ಸಿಂಗ್ ಹೋಮ್, ಲ್ಯಾಬ್, ಫಿಸಿಯೊಥೆರಪಿ ಕೇಂದ್ರಗಳ ಹೆಸರಿದೆ. ಮನೆಗೆ ಆರೈಕೆದಾರರನ್ನು ಕಳಿಸುವ ಏಜೆನ್ಸಿಯ ಹೆಸರಿಲ್ಲ. ಕಾನೂನು ನೋಡುವುದು ಚಿಕಿತ್ಸೆ ನಡೆಯುವ ಜಾಗವನ್ನು. ಇಲ್ಲಿ ಆ ಜಾಗ ನಮ್ಮದೇ ಬೆಡ್‌ರೂಮು.

ಗೊಂದಲದ ಮೂಲ ‘ಹೋಮ್ ನರ್ಸ್’ ಎಂಬ ಪದದಲ್ಲೇ ಇದೆ. ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ನರ್ಸ್. ಸ್ನಾನ, ಊಟ, ಮಗ್ಗುಲು ಬದಲಿಸುವ ಕೆಲಸ ಮಾಡುವವರು ಅಟೆಂಡರ್. ಜನ ಇಬ್ಬರನ್ನೂ ಒಂದೇ ಹೆಸರಿಂದ ಕರೀತಾರೆ. ಅದನ್ನು ಯಾರೂ ತಿದ್ದಲು ಹೋಗಲ್ಲ. ಹೀಗಾಗಿ ಇನ್ಸುಲಿನ್ ಚುಚ್ಚುವುದು, ಕ್ಯಾಥೆಟರ್ ನೋಡಿಕೊಳ್ಳುವುದು, ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವುದು ಎಲ್ಲವೂ ತರಬೇತಿಯಿಲ್ಲದವರ ಕೈಗೆ ಬಂದುಬಿಡಬಹುದು. ತಲೆಯನ್ನು ಎತ್ತರದಲ್ಲಿಡದೆ ಟ್ಯೂಬಿನಲ್ಲಿ ಆಹಾರ ಕೊಟ್ಟರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮಗ್ಗುಲು ಬದಲಿಸದೆ ಬಿಟ್ಟರೆ ಬೆನ್ನ ಮೇಲೆ ಹುಣ್ಣಾಗುತ್ತದೆ. ಇದಕ್ಕೆ ಕೆಟ್ಟ ಮನಸ್ಸೇ ಬೇಕಿಲ್ಲ, ಗೊತ್ತಿಲ್ಲದಿದ್ದರೆ ಸಾಕು.

ಕಾನೂನು ತರುವ ಪ್ರಯತ್ನ ಆಗಲೇ ಇಲ್ಲ ಎಂದಲ್ಲ. ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಗೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ, ಹಿರಿಯರಿಗೆ ಮನೆ ಆರೈಕೆ ಕೊಡುವ ಸಂಸ್ಥೆಗಳಿಗೆ ಕನಿಷ್ಠ ಮಾನದಂಡ ತರಲು ಹೊರಟಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಅಂಗೀಕಾರವಾಗಲಿಲ್ಲ. 2024ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು.

ಈಗ ಉಳಿದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅದು ಅನಾಹುತ ಆದಮೇಲಿನ ಮಾತು. ಸಾಕ್ಷಿ ಹೇಳಬೇಕಾದವರಿಗೆ ಮಾತೇ ಬರದಿದ್ದರೆ, ಮಕ್ಕಳು ದೂರದ ಊರಲ್ಲಿದ್ದರೆ ಸಾಬೀತು ಮಾಡೋದು ಹೇಗೆ?

ಪ್ರತಿ ಮನೆಗೂ ಇನ್‌ಸ್ಪೆಕ್ಟರ್ ಕಳಿಸಲು ಆಗಲ್ಲ, ಕಳಿಸಲೂಬಾರದು. ಹಿಡಿಯಬೇಕಾದ್ದು ಏಜೆನ್ಸಿಯನ್ನು. ನೋಂದಣಿ, ಕನಿಷ್ಠ ತರಬೇತಿ, ನರ್ಸ್ ಮತ್ತು ಅಟೆಂಡರ್ ಕೆಲಸಗಳ ನಡುವೆ ಲಿಖಿತ ಗೆರೆ, ನರ್ಸ್ ಒಬ್ಬರಿಂದ ಆಗಾಗ ಮನೆಭೇಟಿ, ಪ್ರತಿದಿನದ ಆರೈಕೆ ದಾಖಲೆ: ಇಷ್ಟನ್ನು ಕಡ್ಡಾಯ ಮಾಡಬಹುದು.

ಜೊತೆಗೆ ಕೆಲಸದ ಅವಧಿಯೂ ನಿಗದಿಯಾಗಬೇಕು. ‘24 ಗಂಟೆ ಡ್ಯೂಟಿ’ ಅಂದರೆ ಒಬ್ಬ ಹೆಣ್ಣುಮಗಳು ರಾತ್ರಿಯೂ ಎರಡೆರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಬೇಕು, ಬೆಳಗ್ಗೆ ಮತ್ತೆ ಕೆಲಸ. ನಿದ್ದೆಗೆಟ್ಟವರ ಕೈಯಲ್ಲಿ ಔಷಧಿ ಡೋಸ್ ತಪ್ಪಿದರೆ ಆಶ್ಚರ್ಯವೇನಿಲ್ಲ. ಅವರ ವಿಶ್ರಾಂತಿಯೂ ರೋಗಿಯ ಸುರಕ್ಷತೆಯೇ.

ಕಾನೂನು ಬರುವವರೆಗೆ ಏಜೆನ್ಸಿಯವರನ್ನು ನಾಲ್ಕು ಪ್ರಶ್ನೆ ಕೇಳಿ. ಬರುವವರು ನರ್ಸಾ, ಅಟೆಂಡರಾ? ನರ್ಸ್ ಆದರೆ ಕೌನ್ಸಿಲ್ ನೋಂದಣಿ ಸಂಖ್ಯೆ ಏನು? ಅವರ ಕೆಲಸವನ್ನು ಯಾರು ಬಂದು ನೋಡುತ್ತಾರೆ? ಅವರು ರಜೆ ಹಾಕಿದರೆ ಯಾರು ಬರುತ್ತಾರೆ? ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹಿರಿಯರಿಗೆ ತೊಂದರೆಯಾಗುತ್ತಿದೆ ಅನ್ನಿಸಿದರೆ 14567ಕ್ಕೆ ಕರೆ ಮಾಡಿ. ಅದು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ.