ಕಚ್ಚಾ ಚಿತ್ರವೋ, ಸಿದ್ಧ ಚಿತ್ರವೋ?

ಛಾಯಾಗ್ರಹಣವನ್ನು ಕಲಿಯಹೊರಟವರು ಮಸೂರ, ಬೆಳಕು, ಚೌಕಟ್ಟು ಇವುಗಳ ವಿಚಾರವಾಗಿ ಬಹಳ ಯೋಚಿಸುವರು. ಆದರೆ ಡಿಜಿಟಲ್ ಕ್ಯಾಮರಾದ ಗುಂಡಿಯನ್ನು ಒತ್ತುವುದಕ್ಕೆ ಮೊದಲೇ ತೀರ್ಮಾನಿಸಬೇಕಾದ ಇನ್ನೊಂದು ವಿಷಯವಿದೆ. ಚಿತ್ರವನ್ನು ‘ರಾ’ ರೂಪದಲ್ಲಿ ಉಳಿಸಬೇಕೋ, ‘ಜೆಪೆಗ್’ ರೂಪದಲ್ಲಿ ಉಳಿಸಬೇಕೋ ಎಂಬುದೇ ಅದು. ಎರಡರಲ್ಲಿ ಯಾವುದನ್ನು ಆರಿಸಿದರೂ ಕ್ಯಾಮರಾದ ಹಿಂಬದಿಯ ತೆರೆಯಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯ ಚಿತ್ರ ಮೂಡುವುದು. ಹಾಗಿದ್ದರೆ ಈ ಭೇದವೇಕೆ? ಮೊದಲನೆಯದರಲ್ಲಿ ಕ್ಯಾಮರಾ ತಾನು ಅಳೆದುದನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಡುವುದು; ಎರಡನೆಯದರಲ್ಲಿ ಅನಾವಶ್ಯಕವೆಂದು ತೋರಿದುದನ್ನು ತಾನೇ ತೆಗೆದುಹಾಕುವುದು. ಹೀಗೆ ತೆಗೆದುಹಾಕಿದುದು ಮರಳಿ ಬಾರದು. ಆದುದರಿಂದ ಆಯ್ಕೆಗೆ ಮುನ್ನ ಎರಡರ ಸ್ವರೂಪವನ್ನೂ ತಿಳಿದಿರುವುದು ಲೇಸು.

ಸಂವೇದಕವು ಕಾಣುವುದೇನು?

ಹಳೆಯ ಕ್ಯಾಮರಾದಲ್ಲಿ ಫಿಲ್ಮ್ ಇರುತ್ತಿದ್ದ ಸ್ಥಳದಲ್ಲಿ ಈಗ ಸಿಲಿಕಾನಿನ ಸಂವೇದಕವೊಂದಿರುವುದು. ಅದರ ಮೈಯನ್ನು ಲಕ್ಷಾಂತರ ಸೂಕ್ಷ್ಮ ಕೋಶಗಳು ತುಂಬಿರುವುವು. ಪ್ರತಿ ಕೋಶವೂ ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣವನ್ನು ಅಳೆಯುವುದೇ ಹೊರತು ಬಣ್ಣವನ್ನು ಅರಿಯದು. ಈ ಕೊರತೆಯನ್ನು ನೀಗಿಸಲು ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಒಂದು ಉಪಾಯವನ್ನು ಕಂಡುಹಿಡಿದು, ೧೯೭೬ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಕೋಶಗಳ ಮೇಲೆ ಬಣ್ಣದ ಶೋಧಕಗಳನ್ನು ಚದುರಂಗದ ಮಣೆಯಂತೆ ಹರಡುವುದೇ ಆ ಉಪಾಯ. ಅರ್ಧದಷ್ಟು ಕೋಶಗಳು ಹಸುರನ್ನೂ, ಕಾಲುಭಾಗ ಕೆಂಪನ್ನೂ, ಕಾಲುಭಾಗ ನೀಲಿಯನ್ನೂ ಮಾತ್ರ ಸ್ವೀಕರಿಸುವುವು. ಪ್ರತಿ ಕೋಶಕ್ಕೂ ಕಾಣದೆ ಉಳಿದ ಎರಡು ಬಣ್ಣಗಳನ್ನು ನೆರೆಯ ಕೋಶಗಳ ಅಳತೆಯಿಂದ ಆಮೇಲೆ ಊಹಿಸಬೇಕು.

ರಾ ಕಡತವೆಂದರೆ ಈ ಅಳತೆಗಳ ಪಟ್ಟಿ. ಹೆಸರಿಗೆ ತಕ್ಕಂತೆ ಅದು ಕಚ್ಚಾ ಪದಾರ್ಥ. ಅನೇಕ ಕ್ಯಾಮರಾಗಳು ಪ್ರತಿ ಅಳತೆಯನ್ನೂ ೧೪ ಬಿಟ್‌ಗಳಲ್ಲಿ ಬರೆಯುವುವು. ಎಂದರೆ ಕತ್ತಲೆಯಿಂದ ಪೂರ್ಣ ಬೆಳಕಿನವರೆಗೆ ೧೬,೩೮೪ ಮೆಟ್ಟಿಲುಗಳು ದೊರೆಯುವುವು. ೨೪೦ ಲಕ್ಷ ಕೋಶಗಳ ಸಂವೇದಕಕ್ಕೆ, ಅಡಕಗೊಳಿಸದೆ ಬರೆದರೆ, ೪೨೦ ಲಕ್ಷ ಬೈಟ್‌ಗಳ ಸ್ಥಳ ಬೇಕಾಗುವುದು.

ಜೆಪೆಗ್‌ನ ಮಿತವ್ಯಯ

ಜೆಪೆಗ್ ರೂಪವನ್ನು ಆರಿಸಿದಾಗ ಕ್ಯಾಮರಾದೊಳಗಿನ ಗಣಕವೇ ಅಡುಗೆಯನ್ನು ಮುಗಿಸಿಬಿಡುವುದು. ಅದು ಕಾಣದ ಬಣ್ಣಗಳನ್ನು ಊಹಿಸುವುದು, ಬಿಳುಪು ಯಾವುದೆಂದು ನಿಶ್ಚಯಿಸುವುದು, ಅಂಚುಗಳನ್ನು ಹರಿತಗೊಳಿಸುವುದು, ಕೊನೆಗೆ ಪ್ರತಿ ಬಣ್ಣಕ್ಕೂ ೮ ಬಿಟ್, ಅಂದರೆ ೨೫೬ ಮೆಟ್ಟಿಲುಗಳನ್ನು ಮಾತ್ರ ಉಳಿಸುವುದು. ಆಗಲೂ ಪ್ರತಿ ಬಿಂದುವಿಗೆ ಮೂರು ಬಣ್ಣಗಳಂತೆ ೭೨೦ ಲಕ್ಷ ಬೈಟ್‌ಗಳಾಗುವುವು. ಇದನ್ನು ನೂರು ಲಕ್ಷ ಬೈಟ್‌ಗಳ ಆಸುಪಾಸಿಗೆ ಇಳಿಸುವ ಚಮತ್ಕಾರವೇ ಜೆಪೆಗ್.

ಈ ಚಮತ್ಕಾರದ ಬುಡದಲ್ಲಿರುವ ಗಣಿತಕ್ಕೂ ನಮ್ಮ ನಾಡಿಗೂ ನಂಟಿದೆ. ನಾಸಿರ್ ಅಹಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದವರು. ೧೯೭೨ರಲ್ಲಿ ಅವರು ಹೊಸದೊಂದು ಗಣಿತ ವಿಧಾನವನ್ನು ಸೂಚಿಸಿ, ಅದರ ಅಧ್ಯಯನಕ್ಕಾಗಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವನ್ನು ಕೋರಿದರು. ಕೋರಿಕೆ ತಿರಸ್ಕೃತವಾಯಿತು, ವಿಚಾರವು ತೀರ ಸರಳವಾಗಿ ಕಾಣುತ್ತದೆಂಬುದು ಪರಿಶೀಲಕರೊಬ್ಬರ ಅಭಿಪ್ರಾಯವಾಗಿತ್ತು. ಅಹಮದ್ ಎದೆಗುಂದಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಕೂಡಿ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ‘ವಿವಿಕ್ತ ಕೊಸೈನ್ ಪರಿವರ್ತನೆ’ ಎಂಬ ಆ ವಿಧಾನವನ್ನೇ ೧೯೯೨ರ ಜೆಪೆಗ್ ಮಾನಕವು ಸ್ವೀಕರಿಸಿತು.

ಅದರ ಕೆಲಸ ಹೀಗೆ. ಚಿತ್ರವನ್ನು ೮ ಬಿಂದು ಉದ್ದ, ೮ ಬಿಂದು ಅಗಲದ ಚೌಕಗಳಾಗಿ ವಿಭಾಗಿಸುವರು. ಪ್ರತಿ ಚೌಕದ ೬೪ ಅಂಕಿಗಳನ್ನು ಬೇರೆ ೬೪ ಅಂಕಿಗಳಾಗಿ ಮಾರ್ಪಡಿಸುವರು. ಹೊಸ ಅಂಕಿಗಳಲ್ಲಿ ಮೊದಲನೆಯದು ಚೌಕದ ಸರಾಸರಿ ಬೆಳಕನ್ನು ಸೂಚಿಸುವುದು. ಮುಂದಿನವು ಕ್ರಮವಾಗಿ ನವಿರಾಗುತ್ತ ಹೋಗುವ ಬೆಳಕಿನ ಅಲೆಗಳನ್ನು ಸೂಚಿಸುವುವು. ಅತಿ ನವಿರಾದ ಅಲೆಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾದರೆ ನಮ್ಮ ಕಣ್ಣು ಅದನ್ನು ಗುರುತಿಸದು. ಆದುದರಿಂದ ಈ ಅಂಕಿಗಳನ್ನು ಭಾಗಿಸಿ, ಸಮೀಪದ ಪೂರ್ಣಾಂಕವನ್ನು ಮಾತ್ರ ಇರಿಸಿಕೊಳ್ಳುವರು. ೨೩ನ್ನು ೧೦ರಿಂದ ಭಾಗಿಸಿ ೨ನ್ನು ಇರಿಸಿಕೊಂಡೆವೆನ್ನೋಣ. ಚಿತ್ರವನ್ನು ಮತ್ತೆ ಬಿಡಿಸುವಾಗ ೨ನ್ನು ೧೦ರಿಂದ ಗುಣಿಸಿದರೆ ಬರುವುದು ೨೦. ಮಿಕ್ಕ ೩ ಶಾಶ್ವತವಾಗಿ ಹೋಯಿತು. ೪ನ್ನು ಹೀಗೆಯೇ ಭಾಗಿಸಿದರೆ ಉಳಿಯುವುದು ಸೊನ್ನೆ. ಇಂಥ ಸೊನ್ನೆಗಳ ಸಾಲುಗಳನ್ನು ಅತಿ ಕಡಿಮೆ ಸ್ಥಳದಲ್ಲಿ ಬರೆದಿಡಬಹುದು. ನಷ್ಟವೂ ಇಲ್ಲಿಯೇ, ಉಳಿತಾಯವೂ ಇಲ್ಲಿಯೇ.

ನೆರಳಿನ ಲೆಕ್ಕ

ಕಣ್ಣಿಗೆ ಕಾಣದುದು ಹೋದರೆ ಹಾನಿಯೇನು ಎಂದು ವಾಚಕರು ಕೇಳಬಹುದು. ಚಿತ್ರವನ್ನು ತಿದ್ದುವ ಪ್ರಸಂಗ ಬಾರದಿದ್ದರೆ ಹಾನಿಯಿಲ್ಲ. ತಿದ್ದಹೊರಟಾಗ ಮಾತ್ರ ಕೊರತೆ ಬಯಲಾಗುವುದು.

ದೃಶ್ಯದ ಒಂದು ಮೂಲೆಯಲ್ಲಿ ದಟ್ಟ ನೆರಳಿದೆ; ಅಲ್ಲಿನ ಬೆಳಕು ಗರಿಷ್ಠ ಬೆಳಕಿನ ೬೪ನೆಯ ಒಂದು ಪಾಲಿನಿಂದ ೩೨ನೆಯ ಒಂದು ಪಾಲಿನವರೆಗೆ ಇದೆ ಎಂದಿಟ್ಟುಕೊಳ್ಳೋಣ. ೧೪ ಬಿಟ್‌ಗಳ ರಾ ಕಡತದಲ್ಲಿ ಈ ನೆರಳಿಗೆ ೨೫೬ ಮೆಟ್ಟಿಲುಗಳು ಲಭಿಸುವುವು. ಜೆಪೆಗ್‌ನಲ್ಲಿ, ಸಾಮಾನ್ಯವಾಗಿ ಬಳಸುವ ಬೆಳಕಿನ ರೇಖೆಯ ಪ್ರಕಾರ ಲೆಕ್ಕ ಹಾಕಿದರೆ, ಸುಮಾರು ೧೬ ಮಾತ್ರ. ಆ ಮೂಲೆಯನ್ನು ಬೆಳಗಿಸಹೊರಟರೆ ಹದಿನಾರು ಮೆಟ್ಟಿಲುಗಳು ದೂರ ದೂರ ಸರಿದು, ನಯವಾಗಿರಬೇಕಾದ ಮೈ ಪಟ್ಟೆ ಪಟ್ಟೆಯಾಗಿ ಒಡೆಯುವುದು. ಬಣ್ಣದ ವಿಷಯವೂ ಹಾಗೆಯೇ. ಹಳದಿ ದೀಪದ ಕೆಳಗೆ ಕ್ಯಾಮರಾ ಬಿಳುಪನ್ನು ತಪ್ಪಾಗಿ ನಿರ್ಣಯಿಸಿದರೆ ಜೆಪೆಗ್‌ನಲ್ಲಿ ಆ ತಪ್ಪು ಚಿತ್ರದಲ್ಲಿ ಬೆರೆತುಹೋಗಿರುವುದು. ರಾ ಕಡತದಲ್ಲಿ ಆ ನಿರ್ಣಯ ಕೇವಲ ಒಂದು ಟಿಪ್ಪಣಿ, ಬೇಕೆಂದಾಗ ಬದಲಿಸಬಹುದು. ಭತ್ತವು ಕೈಯಲ್ಲಿದ್ದರೆ ಅಕ್ಕಿ, ಅವಲಕ್ಕಿ, ಅರಳು ಯಾವುದನ್ನಾದರೂ ಮಾಡಿಕೊಳ್ಳಬಹುದು. ಬೆಂದ ಅನ್ನವನ್ನು ಮತ್ತೆ ಭತ್ತವಾಗಿಸಲಾಗದು.

ಕಚ್ಚಾ ಚಿತ್ರದ ಮಿತಿಗಳು

ಹೀಗೆಂದು ರಾ ಸರ್ವಸಮರ್ಥವೆಂದು ಭಾವಿಸಬಾರದು. ಬೆಳಕು ಅತಿಯಾಗಿ ಸಂವೇದಕದ ಕೋಶವೇ ತುಂಬಿ ತುಳುಕಿದರೆ ಅಲ್ಲಿನ ವಿವರವನ್ನು ಯಾವ ಕಡತವೂ ಉಳಿಸಲಾರದು. ಕತ್ತಲೆಯಲ್ಲಿ ಸಂವೇದಕದ ಅಳತೆಗಳು ಅಸ್ಥಿರವಾಗಿರುವುದರಿಂದ ೨೫೬ ಮೆಟ್ಟಿಲುಗಳೂ ಪೂರ್ಣವಾಗಿ ಉಪಯೋಗಕ್ಕೆ ಬಾರವು. ಕಡತಗಳು ದೊಡ್ಡವಾದುದರಿಂದ ಸ್ಮೃತಿಪತ್ರ ಬೇಗ ತುಂಬುವುದು. ಪ್ರತಿ ಚಿತ್ರವನ್ನೂ ಗಣಕದಲ್ಲಿ ‘ಬೇಯಿಸುವ’ ಶ್ರಮವೂ ಉಂಟು. ಒಂದೊಂದು ಕಂಪೆನಿಯ ರಾ ರೂಪ ಒಂದೊಂದು ಬಗೆ. ಅಡೋಬಿ ಸಂಸ್ಥೆ ೨೦೦೪ರಲ್ಲಿ ‘ಡಿಎನ್‌ಜಿ’ ಎಂಬ ಸಾಮಾನ್ಯ ರೂಪವನ್ನು ಪ್ರಕಟಿಸಿದರೂ ಎಲ್ಲರೂ ಅದನ್ನು ಅನುಸರಿಸಿಲ್ಲ. ಜೆಪೆಗ್ ಚಿತ್ರವಾದರೋ ಯಾವ ಗಣಕದಲ್ಲಿಯೂ ತೆರೆದುಕೊಳ್ಳುವುದು.

ತಿದ್ದುವ ಸ್ವಾತಂತ್ರ್ಯವೇ ಕೆಲವೆಡೆ ದೋಷವೆನಿಸಿದೆ. ರಾಯಿಟರ್ಸ್ ಸುದ್ದಿಸಂಸ್ಥೆಯು ೨೦೧೫ರಲ್ಲಿ ತನ್ನ ಹೊರಗಿನ ಛಾಯಾಗ್ರಾಹಕರಿಗೆ, ರಾ ಕಡತದಿಂದ ಸಿದ್ಧಪಡಿಸಿದ ಚಿತ್ರಗಳನ್ನು ಕಳುಹಿಸಕೂಡದು, ಕ್ಯಾಮರಾದಲ್ಲಿಯೇ ಜೆಪೆಗ್ ಆಗಿ ಮೂಡಿದುದನ್ನು ಕಳುಹಿಸಬೇಕು ಎಂದು ಸೂಚಿಸಿತು. ಸುದ್ದಿಚಿತ್ರವು ಶೀಘ್ರವಾಗಿ ತಲಪಬೇಕು, ಕಂಡುದನ್ನು ಕಂಡಂತೆ ತೋರಿಸಬೇಕು ಎಂಬ ಎರಡು ಕಾರಣಗಳು ಇದರ ಹಿಂದಿದ್ದುವು.

ಆಯ್ಕೆ ಹೇಗೆ?

ಮತ್ತೆ ತೆಗೆಯಬಹುದಾದ ಚಿತ್ರಕ್ಕೂ, ಬೆಳಕು ಸಮನಾಗಿ ಹರಡಿರುವ ದೃಶ್ಯಕ್ಕೂ, ತತ್‌ಕ್ಷಣ ಕಳುಹಿಸಬೇಕಾದ ಸುದ್ದಿಗೂ, ಎಡೆಬಿಡದೆ ನೂರಾರು ಚಿತ್ರಗಳನ್ನು ತೆಗೆಯಬೇಕಾದ ಆಟದ ಬಯಲಿಗೂ ಜೆಪೆಗ್ ಸಾಕು. ಬೆಳಕು ನೆರಳುಗಳ ಅಂತರ ವಿಪರೀತವಾಗಿರುವಲ್ಲಿ, ಅಥವಾ ಅವಕಾಶವು ಮರಳಿ ದೊರೆಯದಿರುವಲ್ಲಿ ರಾ ಮೇಲು. ಎಂಟು ನಿಮಿಷವನ್ನೂ ಮುಟ್ಟದ ಖಗ್ರಾಸ ಸೂರ್ಯಗ್ರಹಣದ ಪ್ರಭಾವಲಯ, ಕಂದು ಗರಿಯ ಮೇಲೆ ಕಂದಿದ ಅಕ್ಷರಗಳುಳ್ಳ ಹಳೆಯ ಓಲೆ, ಮಂದ ಬೆಳಕಿನ ಹಜಾರದಲ್ಲಿ ಕುಳಿತ ವೃದ್ಧರ ಮುಖ, ಇವು ಅಂಥವು. ಇಂದು ಓದಲಾಗದ ಓಲೆಯ ಅಕ್ಷರವನ್ನು ನಾಳೆಯ ಉತ್ತಮ ಗಣಕ ವಿಧಾನವೊಂದು ಬಿಡಿಸಿಕೊಡಬಹುದು. ಆದರೆ ಅದಕ್ಕೆ ಬೇಕಾದ ಅಳತೆಗಳನ್ನು ಇಂದೇ ಉಳಿಸಿರಬೇಕು. ಸ್ಥಳವಿದ್ದರೆ ಎರಡು ರೂಪಗಳಲ್ಲಿಯೂ ಒಮ್ಮೆಗೇ ಉಳಿಸುವ ಸೌಕರ್ಯವನ್ನು ಅನೇಕ ಕ್ಯಾಮರಾಗಳು ಒದಗಿಸುವುವು.

ಜೆಪೆಗ್ ಚಿತ್ರವನ್ನು ತಿದ್ದಿ ತಿದ್ದಿ ಅದೇ ಕಡತದಲ್ಲಿ ಉಳಿಸಿದರೆ ಪ್ರತಿ ಸಲವೂ ಹೊಸ ನಷ್ಟವುಂಟಾಗುವುದೆಂಬುದನ್ನೂ ನೆನಪಿಡಬೇಕು. ಮೂಲವನ್ನು ಬೇರೆಯಾಗಿಯೇ ಕಾಪಾಡುವುದು ಕ್ಷೇಮ. ಹೀಗೆ ಈ ಪ್ರಶ್ನೆ ಯಾವ ರೂಪ ಶ್ರೇಷ್ಠವೆಂಬುದಲ್ಲ; ಬಿಡಬಹುದಾದುದು ಯಾವುದೆಂಬುದನ್ನು ಯಂತ್ರವು ಈಗಲೇ ನಿರ್ಧರಿಸಬೇಕೋ, ಮನುಷ್ಯನು ಮುಂದೆ ವಿಚಾರಮಾಡಿ ನಿರ್ಧರಿಸಬೇಕೋ ಎಂಬುದು.